ಅವರ ಹೆಸರಿಗೆ ಬರುವ ಟಪಾಲು

ಸತ್ತವರಿಗೆ ಇಷ್ಟೊಂದು ಕಾಗದ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಡ ತೀರಿಕೊಂಡು ವರ್ಷ ಕಳೆದ ಮೇಲೂ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಗೇಟಿಗೆ ಅವರ ಹೆಸರಿನ ಟಪಾಲು ಬರುತ್ತಲೇ ಇತ್ತು. ಮಂಡಿನೋವಿನ ಎಣ್ಣೆಯ ಜಾಹೀರಾತು, ಹೊಸ ಬಡಾವಣೆಯ ಸೈಟುಗಳ ಬಣ್ಣದ ನಕ್ಷೆ, ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಕಾಶಿಗೆ ಹೋಗುವ ಬಸ್ಸಿನ ವಿವರ, ಮಕ್ಕಳಿಗೆ ಅಬಾಕಸ್ ಕಲಿಸುವ ಕ್ಲಾಸಿನ ಕರಪತ್ರ. ನಮಗೆ ಮಕ್ಕಳಿಲ್ಲ. ಪಾಪ, ಅದು ಆ ಕ್ಲಾಸಿನವರಿಗೆ ಹೇಗೆ ಗೊತ್ತಾಗಬೇಕು? ಒಂದು ವಿಮೆ ಕಂಪನಿಯಂತೂ ಅವರ ಹುಟ್ಟುಹಬ್ಬಕ್ಕೆ ತಪ್ಪದೆ ಕಾರ್ಡು ಕಳಿಸಿತು. ನೂರು ಕಾಲ ಬಾಳಿ ಎಂದು ಅದರಲ್ಲಿ ಹಾರೈಕೆ ಬೇರೆ.

ನಾನು ಆಯನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಅತ್ತೆಯ ತಿಂಡಿ, ಔಷಧಿ, ಮಧ್ಯಾಹ್ನದ ಊಟ ಎಲ್ಲ ಮುಚ್ಚಿಟ್ಟು ಬಸ್ಸು ಹಿಡಿದರೆ ಸಂಜೆ ಮನೆ ಸೇರುವ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. ಆಗ ಟೀಪಾಯಿ ಮೇಲೆ ಈ ಕಾಗದಗಳ ಕಟ್ಟು ಕಾಣಿಸಿದರೆ ಮೈಯೆಲ್ಲ ಉರಿಯುತ್ತಿತ್ತು. ಬಿಸಾಡಲೂ ಆಗದು. ಎಣ್ಣೆ ಮಾರುವವನಿಂದ ಹಿಡಿದು ಸೈಟು ಮಾರುವವನವರೆಗೆ ಎಲ್ಲರೂ ಮೂಲೆಯಲ್ಲೊಂದು ದೇವರ ಚಿತ್ರ ಅಚ್ಚು ಹಾಕಿಸಿರುತ್ತಾರೆ. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆದರೂ, “ದೇವ್ರ ಪಟ ಇದ್ರೆ ಕಸಕ್ಕೆ ಹಾಕ್ಬೇಡ ಮಾರಾಯ್ತಿ, ಒಳ್ಳೇದಲ್ಲ” ಎಂದು ಕೂತಲ್ಲಿಂದಲೇ ಎಚ್ಚರಿಸುತ್ತಿದ್ದರು. ಹಾಗಾಗಿ ಎಲ್ಲವೂ ಅಡುಗೆಮನೆಯ ಅಟ್ಟ ಸೇರಿ, ಅಟ್ಟ ತುಂಬಿ, ಕೊನೆಗೆ ಹಬ್ಬದ ಪಾತ್ರೆ ಇಡಲು ಜಾಗವಿಲ್ಲದಂತಾಯಿತು.

ತಪ್ಪೆಲ್ಲ ಅವರದೇ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅದು ನಿಂತಾಗ ಮನೆಗೆ ಬಂದವರು. ಯಾವ ಕಾಗದ ಕೈಗೆ ಸಿಕ್ಕರೂ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುವುದು ಅವರ ಚಾಳಿ. ಮದುವೆಗೆ ಕರೆಯಲು ಬಂದವರ ಎದುರಿಗೇ ಲಗ್ನಪತ್ರಿಕೆ ಉಜ್ಜಿ, “ಇದೇನು ಕಾಗದಾನಾ, ಹಪ್ಪಳಾನಾ?” ಎಂದು ಕೇಳಿ ನನ್ನ ಮರ್ಯಾದೆ ತೆಗೆದದ್ದುಂಟು. ಕೆಲಸ ಬಿಟ್ಟ ಮೇಲೆ ಅವರಿಗೆ ಹೊಸದೊಂದು ಗೀಳು ಹತ್ತಿತು. ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ, ಪೆಟ್ರೋಲ್ ಬಂಕಿನಲ್ಲಿ ಲಕ್ಕಿ ಡ್ರಾ ಡಬ್ಬ ಇಟ್ಟಿರುತ್ತಾರಲ್ಲ, ಅಂಥದ್ದು ಕಂಡರೆ ಸಾಕು, ಒಂದು ಕರವಸ್ತ್ರವಾದರೂ ಕೊಂಡು ಕೂಪನ್ ಇಸಿದುಕೊಳ್ಳುತ್ತಿದ್ದರು. ಬೇರೆಯವರು ಹೆಸರು, ಮೊಬೈಲ್ ನಂಬರು ಗೀಚಿ ಹಾಕಿದರೆ ಇವರು ಇನಿಶಿಯಲ್ ಸಮೇತ ಪೂರ್ತಿ ಹೆಸರು, ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು ಎಲ್ಲವನ್ನೂ ಗುಂಡಗೆ ಬರೆಯುವರು. ಹಿಂದೆ ನಿಂತವರು ಗೊಣಗಿದರೆ ಅದು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ.

“ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ, ಊರಿಗೆಲ್ಲ ಯಾಕ್ರೀ ನಮ್ಮನೆ ಅಡ್ರೆಸ್ ಹಂಚ್ತೀರ?” ಎಂದು ನಾನು ರೇಗುತ್ತಿದ್ದೆ.

“ಯಾರಾದ್ರೂ ಕಾಗದ ಹಾಕ್ಲಿ ಬಿಡೇ ಮಾರಾಯ್ತಿ. ಈಗ ಯಾರು ಯಾರಿಗೆ ಕಾಗದ ಬರೀತಾರೆ?” ಎನ್ನುತ್ತಿದ್ದರು.

ಅಷ್ಟು ಕೂಪನ್ ಬರೆದದ್ದಕ್ಕೆ ಬಂದ ಬಹುಮಾನ ಸ್ಟೀಲ್ ಚಮಚಗಳ ಒಂದು ಸೆಟ್ಟು. ಅದರದೊಂದು ಚಮಚ ಈಗಲೂ ನಮ್ಮ ಉಪ್ಪಿನ ಡಬ್ಬಿಯಲ್ಲಿದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಎದೆ ಹಿಡಿದುಕೊಂಡರಂತೆ. ಅಕ್ಕಪಕ್ಕದವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸುವ ಮೊದಲೇ ಹೋಗಿಬಿಟ್ಟರು. ನಾನು ಆಗ ಆಯನೂರಿನಲ್ಲಿ ಮಸೂರಗಳ ಪಾಠ ಮಾಡುತ್ತಿದ್ದೆ. ಅವರು ಹೋದರು, ಅವರು ಊರಿಗೆಲ್ಲ ಹಂಚಿದ ವಿಳಾಸ ಮಾತ್ರ ಉಳಿಯಿತು.

ಇಷ್ಟೆಲ್ಲ ಹೇಳಿಯೂ ಅವರ ಹೆಸರು ಹೇಳಲಿಲ್ಲ. ಹೇಳುವುದೂ ಇಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ನಾನು ಬಿ.ಎಸ್ಸಿ. ಓದಿದವಳು, ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಬೋಧಿಸುವವಳು. ಆದರೂ ಈ ಒಂದು ವಿಷಯದಲ್ಲಿ ನಾಲಿಗೆ ಏಳುವುದಿಲ್ಲ. ಫಾರಂಗಳಲ್ಲಿ ಬೇಕಾದಷ್ಟು ಸಲ ಬರೆದಿದ್ದೇನೆ. ಬರೆಯುವುದು ಬೇರೆ, ಬಾಯಲ್ಲಿ ಹೇಳುವುದು ಬೇರೆ. ಬಾಯಲ್ಲಿ ಹೇಳಿದ್ದು ಮದುವೆಯಲ್ಲಿ, ಹೊಸಿಲ ಮೇಲೆ ನಿಲ್ಲಿಸಿಕೊಂಡು ಹೆಂಗಸರೆಲ್ಲ ಒಡಪು ಹೇಳೆಂದು ಕಾಡಿಸಿದಾಗ. ‘ತುಂಗಾ ನದಿ ನೀರು ತಂಪು, ಮಲ್ಲಿಗೆ ದಂಡೆ ಕಂಪು’ ಎಂದು ಶುರುಮಾಡಿ, ಇಂಥವರ ಜೊತೆ ಬಾಳೇ ಸೊಂಪು ಎಂದು ಹೆಸರು ಸೇರಿಸಿ ಮುಗಿಸಿದ್ದೆ. ಅವರು ಪಕ್ಕದಲ್ಲಿ ನಿಂತು ಕಿವಿ ಕೆಂಪಗೆ ಮಾಡಿಕೊಂಡಿದ್ದರು. ಆಮೇಲೆ ಬರೀ ‘ರೀ’, ‘ಇವರು’, ‘ನಮ್ಮನೆಯವರು’.

ಅತ್ತೆಯ ಕಥೆ ಇನ್ನೂ ವಿಚಿತ್ರ. ಹಿರಿಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಮನೆತನದ ಪದ್ಧತಿ. ಅಜ್ಜನೆಂದರೆ ಅತ್ತೆಗೆ ಮಾವ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಹಾಗಾಗಿ ಹೆತ್ತ ಮಗನನ್ನೇ ಅತ್ತೆ ಒಂದು ಸಲವೂ ಹೆಸರು ಹಿಡಿದು ಕರೆದವರಲ್ಲ. ತೊಟ್ಟಿಲಿಗೆ ಹಾಕಿದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ್ದು ಸೋದರತ್ತೆ. ಅತ್ತೆಯ ಪಾಲಿಗೆ ಅವರು ತಲೆ ನರೆತ ಮೇಲೂ ‘ಅಪ್ಪಯ್ಯ’ನೇ. ಭದ್ರಾವತಿಯಲ್ಲಿರುವ ನಾದಿನಿಗೆ ಅವರು ‘ಅಣ್ಣ’. ಹೆಸರು ಹಿಡಿದು ಕರೆಯುತ್ತಿದ್ದ ಕಾರ್ಖಾನೆಯ ಗೆಳೆಯರು ತಿಥಿಯ ಊಟ ಮುಗಿಸಿ ಹೋದವರು ಮತ್ತೆ ಬರಲಿಲ್ಲ. ಬಂದು ಏನು ಮಾಡುತ್ತಾರೆ? ಅವರನ್ನು ನಾನು ದೂರುವುದಿಲ್ಲ.

ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ನಾನು ಟಪಾಲಿನ ಬೆನ್ನು ಹತ್ತಿದೆ. ಅಟ್ಟದಿಂದ ಕಟ್ಟು ಇಳಿಸಿ, ಒಂದೊಂದೇ ಕವರಿನ ಮೇಲಿದ್ದ ನಂಬರಿಗೆ ಫೋನು ಮಾಡತೊಡಗಿದೆ. ಅತ್ತೆಯ ಕಣ್ಣಿಗೆ ಮಂಜು ಕವಿದಿದ್ದರೂ ಕಿವಿ ಮಾತ್ರ ಬಲು ಚುರುಕು. ಗೇಟಿನ ಕಟ್ಟೆಯ ಮೇಲೆ ಕೂತು, ಒಲೆಯ ಮೇಲಿನ ಹಾಲು ಉಕ್ಕುವುದಕ್ಕೆ ಮೊದಲೇ ನನ್ನನ್ನು ಕೂಗುವಂಥ ಕಿವಿ. ಅವರ ಮಗ ಸತ್ತ ಸುದ್ದಿಯನ್ನು ದಿನವಿಡೀ ಊರವರಿಗೆ ಒಪ್ಪಿಸುವುದು ಅವರಿಗೆ ಕೇಳಿಸಬಾರದೆಂದು ಮಹಡಿ ಹತ್ತಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂರುತ್ತಿದ್ದೆ.

“ಕಸ್ಟಮರ್ ಹೆಸರು ಹೇಳಿ ಮೇಡಂ,” ಎಂದಳು ಮೊದಲ ಹುಡುಗಿ.

“ನಮ್ಮನೆಯವರು.”

“ಹೆಸರು ಮೇಡಂ.”

“ಕವರ್ ಮೇಲೇ ಇದೆಯಲ್ಲಮ್ಮ.”

“ನಂಗೆ ಕವರ್ ಕಾಣಲ್ಲ ಮೇಡಂ.”

ಅದೂ ನಿಜವೇ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದೆ. “ಕೇಳಿಸ್ಲಿಲ್ಲ ಮೇಡಂ, ಇನ್ನೊಂದ್ಸಲ ಹೇಳಿ,” ಎಂದಳು. ಇನ್ನೊಂದು ಸಲ ಹೇಳಿದೆ. ಮುಖ ಬಿಸಿಯಾಯಿತು. ಮದುವೆಯ ಹೊಸಿಲಿನ ಮೇಲೆ ಅಷ್ಟು ಹೆಂಗಸರ ನಡುವೆ ಹೇಳಿದ ಹೆಸರನ್ನು, ಈಗ ಮಂಡಿನೋವಿನ ಎಣ್ಣೆ ಬೇಡವೆನ್ನುವುದಕ್ಕಾಗಿ ಗುರುತಿಲ್ಲದ ಹುಡುಗಿಗೆ ಹೇಳಬೇಕಾಗಿ ಬಂದದ್ದಕ್ಕೆ ಸಿಟ್ಟು ಬಂತು.

“ಅವ್ರನ್ನೇ ಲೈನಿಗೆ ಕರೀರಿ ಮೇಡಂ. ಬೇಡ ಅಂತ ಅವ್ರೇ ಹೇಳ್ಬೇಕು.”

“ಅವ್ರು ಇಲ್ಲಮ್ಮ.”

“ಯಾವಾಗ ಬರ್ತಾರೆ?”

ತೀರಿಕೊಂಡಿದ್ದಾರೆ ಎಂದೆ. “ಸಾರಿ ಮೇಡಂ” ಎಂದಳು. ಒಳ್ಳೆಯ ಹುಡುಗಿಯೇ. ಎರಡನೆಯ ಫೋನಿನಲ್ಲಿ ಅಷ್ಟು ಕಷ್ಟವಾಗಲಿಲ್ಲ. ಆಮೇಲಾಮೇಲೆ ಗಂಟಲು ಪಳಗಿತು. ಹೆಸರು ಹೇಳುವುದು, ತೀರಿಕೊಂಡಿದ್ದಾರೆ ಎನ್ನುವುದು, ವಿಳಾಸ ತೆಗೆದುಹಾಕಿ ಎನ್ನುವುದು, ಫೋನು ಇಡುವುದು. ಹಾಜರಿ ಕರೆಯುವ ಹಾಗೆ ಹೇಳುತ್ತಾ ಹೋದೆ. ಆ ಒಡಪಿನ ನಂತರ ಎಂದೂ ಹೇಳದ ಹೆಸರನ್ನು ಆ ಒಂದು ತಿಂಗಳಲ್ಲಿ ಹೇಳಿ ಹೇಳಿ ಸಾಕಾಯಿತು.

ಗಾಂಧಿ ಬಜಾರಿನ ಬಟ್ಟೆ ಅಂಗಡಿಗೆ ನಾನೇ ಹೋದೆ. ಕೌಂಟರಿನಲ್ಲಿದ್ದಾಕೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ “ಇದೇನಾ?” ಎಂದಳು. ಹೌದೆಂದು ಬೆರಳು ತೋರಿಸಿದೆ. “ಡಿಲೀಟ್ ಮಾಡ್ಲಾ ಆಂಟಿ?” “ಮಾಡಮ್ಮ.” ಅಷ್ಟೇ. ಹೊರಗೆ ಬಂದು ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಮನೆಗೆ ಏನೋ ತರಬೇಕಿತ್ತು, ಏನೆಂದು ನೆನಪಾಗಲಿಲ್ಲ.

ಸೈಟು ಮಾರುವವರ ಆಫೀಸು ಭದ್ರಾವತಿಯಲ್ಲಿತ್ತು. ನಾದಿನಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹಿರಿಯರೊಬ್ಬರು ಕವರಿನ ಮೇಲಿನ ಹೆಸರು ನೋಡಿ, “ಗೊತ್ತಾಯ್ತು ಬಿಡಿ. ಸೈಟ್ ನೋಡೋಕೆ ನಮ್ಮ ವ್ಯಾನಲ್ಲೇ ಬಂದಿದ್ರು. ಸೈಟ್ ನೋಡ್ಲೇ ಇಲ್ಲ, ನಕ್ಷೆ ಕಾಗದ ಚೆನ್ನಾಗಿದೆ, ಎಲ್ಲಿ ಪ್ರಿಂಟ್ ಹಾಕ್ಸಿದ್ರಿ ಅಂತ ಕೇಳಿದ್ರು,” ಎಂದರು. ನಾದಿನಿ ಕಿಸಕ್ಕನೆ ನಕ್ಕಳು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. ಬಸ್‌ಸ್ಟ್ಯಾಂಡಿಗೆ ಬರುವಾಗ, “ಎಲ್ಲಾ ಕಡೆಯಿಂದ್ಲೂ ಅಣ್ಣನ್ನ ಅಳಿಸ್ತಾ ಇದೀರಲ್ಲ ಅತ್ತಿಗೆ. ಒಂದಾದ್ರೂ ಬಿಡಿ,” ಎಂದಳು.

“ಬಂದು ಅಟ್ಟ ಗುಡಿಸಿಕೊಡ್ತೀಯಾ? ಬಿಡ್ತೀನಿ,” ಎಂದೆ.

ಸುಸ್ತಾದಾಗ ನನ್ನ ಬಾಯಲ್ಲಿ ಇಂಥ ಮಾತೇ ಬರುವುದು.

ಉಳಿದವನು ನಮ್ಮ ಬೀದಿಯ ಪೋಸ್ಟ್‌ಮ್ಯಾನ್. ಆತನಿಗೊಂದು ಅಭ್ಯಾಸ. ಬೇರೆಯವರಂತೆ ಪೋಸ್ಟ್ ಎಂದು ಕೂಗಿ ಎಸೆದು ಹೋಗುವುದಿಲ್ಲ. ಗೇಟಿನಲ್ಲಿ ಸೈಕಲ್ಲು ನಿಲ್ಲಿಸಿ, ಕವರಿನ ಮೇಲಿನ ಹೆಸರನ್ನು ಇನಿಶಿಯಲ್ ಸಮೇತ ಗಟ್ಟಿಯಾಗಿ ಓದಿ, ಕೊನೆಗೊಂದು ‘ಅವ್ರೇ’ ಸೇರಿಸಿ, ಕಟ್ಟೆಯ ಮೇಲಿರುವ ಅತ್ತೆಯ ಕೈಗೆ ಕೊಡುವುದು. ಆ ರಜೆಯಲ್ಲಿ ದಿನವೂ ಅದು ನನ್ನ ಕಿವಿಗೂ ಬೀಳುತ್ತಿತ್ತು. ಹಾಲಿನವನ ಗಂಟೆಯಂತೆ ಅದೂ ಒಂದು ಎಂದುಕೊಂಡಿದ್ದೆ. ಒಂದು ದಿನ, ಅತ್ತೆಗೆ ಕೇಳಿಸದಂತೆ ನಾಲ್ಕು ಮನೆ ಆಚೆಯೇ ಆತನನ್ನು ನಿಲ್ಲಿಸಿ, ಇನ್ನು ಮೇಲೆ ಅವರ ಹೆಸರಿಗೆ ಬಂದದ್ದನ್ನು ತರಬೇಡಿ, ಮೃತ ಎಂದು ಬರೆದು ವಾಪಸು ಕಳಿಸಿ ಎಂದೆ.

ಆತ ನಮ್ಮ ಕಟ್ಟೆಯ ಕಡೆ ನೋಡಿ ದನಿ ತಗ್ಗಿಸಿದ. “ನಂಗೇನು ಭಾರ ಇಲ್ಲ ಮೇಡಂ. ದಿನಾ ಇದೇ ದಾರೀಲಿ ಹೋಗೋನು.”

“ನಮಗೆ ಭಾರ.”

“ಅಜ್ಜಿ ಒಬ್ರೇ ಕೂತಿರ್ತಾರೆ…”

“ಅಜ್ಜಿಗೆ ಯಾಕೆ ಬೇಕು ಕಾಶಿ ಬಸ್ಸು, ಸೀರೆ ಸೇಲು? ಕಣ್ಣು ಕಾಣಲ್ಲ ಅವ್ರಿಗೆ. ನಾನೇ ಎಲ್ಲಾ ಎತ್ತಿಡ್ಬೇಕು.”

“ಆಯ್ತು ಮೇಡಂ, ಬರೀತೀನಿ,” ಎಂದು ಸೈಕಲ್ಲು ಹತ್ತಿದ. ಆತ ಏನು ಹೇಳಹೊರಟಿದ್ದನೋ ಕೇಳುವ ತಾಳ್ಮೆ ನನಗಿರಲಿಲ್ಲ.

ಶಾಲೆ ಶುರುವಾಗುವ ಹೊತ್ತಿಗೆ ಟಪಾಲು ಇಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಪೂರ್ತಿ ನಿಂತೇಹೋಯಿತು. ಸಂಜೆ ಬಂದರೆ ಖಾಲಿ ಟೀಪಾಯಿ. ಅಟ್ಟ ಖಾಲಿ ಮಾಡಿ, ದೇವರ ಚಿತ್ರಗಳನ್ನು ಮಾತ್ರ ಕತ್ತರಿಸಿ ತುಂಗೆಗೆ ಬಿಟ್ಟು ಬಂದೆ. ಹೊಳೆಗೆ ಕಾಗದ ಹಾಕಬೇಡಿ ಎಂದು ಮಕ್ಕಳಿಗೆ ಹೇಳುವುದೂ ನಾನೇ. ಮಿಕ್ಕದ್ದನ್ನು ಹಳೇ ಪೇಪರಿನವನಿಗೆ ಕೊಟ್ಟೆ. ಯಾರೂ ನನಗೆ ಶಹಬ್ಬಾಸ್ ಎನ್ನಲಿಲ್ಲ, ಆದರೆ ನನಗೆ ನಾನೇ ಅಂದುಕೊಂಡೆ.

ಅತ್ತೆ ಮಾತ್ರ ಮಂಕಾಗುತ್ತಾ ಹೋದರು. ಮುಚ್ಚಿಟ್ಟ ಊಟ ಹಾಗೇ ಇರುತ್ತಿತ್ತು. ಕೇಳಿದರೆ “ಬಾಯಿ ಸಪ್ಪೆ ಕಣೇ” ಎನ್ನುವರು. ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಂತೆ, “ಇವತ್ತೂ ಏನೂ ಬರ್ಲಿಲ್ಲ,” ಎಂದು ತಪ್ಪದೆ ವರದಿ.

“ಬರದಿದ್ರೆ ಒಳ್ಳೇದೇ ಅಲ್ವಾ ಅತ್ತೆ?”

“ಹೂಂ. ನಿಂಗೆ ಒಳ್ಳೇದು.”

ಆ ಮಾತು ಚುಚ್ಚಿತು. ಇಡೀ ದಿನ ದುಡಿದು ಬಂದವಳಿಗೆ ಹೀಗೆನ್ನುತ್ತಾರಲ್ಲ ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ, ಬಿ.ಪಿ. ಎಲ್ಲ ನೋಡಿ, ವಯಸ್ಸಾಯಿತಲ್ಲ, ಟಾನಿಕ್ ಕೊಡಿ ಎಂದರು. ಟಾನಿಕ್ ತಂದೆ. ಅದನ್ನೂ ಸಪ್ಪೆ ಎಂದರು.

ದಸರಾ ರಜೆ ಬಂತು. ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ನಾನು ವರಾಂಡದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ಆಗಷ್ಟೇ ಮಡಿಕೆ ಬಿಚ್ಚಿದ ಸೀರೆಯುಟ್ಟು, ಎಲ್ಲಿಗೋ ಹೊರಟವರಂತೆ ಬಂದು ಕಟ್ಟೆಯ ಮೇಲೆ ಕೂತರು. ಆಚೆ ಮನೆಯ ಮುಂದೆ ಸೈಕಲ್ಲು ನಿಂತ ಸದ್ದಾಯಿತು. ಪೋಸ್ಟ್‌ಮ್ಯಾನ್ ಆ ಮನೆಯವರ ಹೆಸರು ಕೂಗಿದ. ಅತ್ತೆ ಬೆನ್ನು ನೆಟ್ಟಗೆ ಮಾಡಿದರು. ಸೈಕಲ್ಲು ನಮ್ಮ ಗೇಟಿನ ಮುಂದೆ ಬರುತ್ತಲೇ, “ನಮ್ಮನೇದು ಇಲ್ವೇನಪ್ಪಾ?” ಎಂದು ಕೇಳಿದರು.

“ಇಲ್ಲ ಅಜ್ಜಿ.”

“ಏನೂ ಇಲ್ವಾ?”

“ಏನೂ ಇಲ್ಲ.”

ಅತ್ತೆ ಸೆರಗು ಸರಿಮಾಡಿಕೊಂಡರು. “ಹಂಗಾರೆ ಸುಮ್ನೆ ಒಂದ್ಸಲ ಕೂಗಿ ಹೋಗಪ್ಪ,” ಎಂದರು.

ಮೊರ ನನ್ನ ಕೈಯಲ್ಲೇ ಉಳಿಯಿತು. ಅಷ್ಟು ದಿನ ಆತ ಗೇಟಿನ ಮೇಲಿಂದ ದಾಟಿಸುತ್ತಿದ್ದದ್ದು ಏನೆಂದು ಆಗ ಅರ್ಥವಾಯಿತು. ಸೀರೆ ಸೇಲೂ ಅಲ್ಲ, ಕಾಶಿ ಬಸ್ಸೂ ಅಲ್ಲ. ಈ ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರೂ ಆ ಹೆಸರು ಎತ್ತುವಂತಿಲ್ಲ. ಇಡೀ ಶಿವಮೊಗ್ಗದಲ್ಲಿ ಅದನ್ನು ಬಾಯಿ ಬಿಟ್ಟು ಹೇಳುತ್ತಿದ್ದ ಒಬ್ಬನ ಬಾಯನ್ನು ನಾನು ಮುಚ್ಚಿಸಿದ್ದೆ.

ಪೋಸ್ಟ್‌ಮ್ಯಾನ್ ನನ್ನ ಕಡೆ ನೋಡಿದ. “ಕಾಗದ ಇಲ್ದೆ ಹೆಂಗೆ ಕೂಗ್ಲಿ ಅಜ್ಜಿ?” ಎಂದು ತಡವರಿಸಿ ತಲೆ ತಗ್ಗಿಸಿಕೊಂಡು ಹೋದ. ಆತನದೂ ಸರಿ. ಇಲ್ಲದವರ ಹೆಸರನ್ನು ಖಾಲಿ ಕೈಯಲ್ಲಿ ನಡುಬೀದಿಯಲ್ಲಿ ಕೂಗಲು ಯಾರಿಗೆ ಮನಸ್ಸು ಬರುತ್ತದೆ?

ನಾನು ಎದ್ದು ಹೋಗಿ ಅತ್ತೆಯ ಪಕ್ಕ ಕೂತೆ. ನಾನೇ ಹೇಳಿಬಿಡೋಣ ಎನಿಸಿತು. ಎಣ್ಣೆಯವರಿಗೆ ಹೇಳಿದ್ದೇನೆ, ವಿಮೆಯವರಿಗೆ ಹೇಳಿದ್ದೇನೆ, ಅಬಾಕಸ್ಸಿನವರಿಗೆ ಎರಡೆರಡು ಸಲ ಹೇಳಿದ್ದೇನೆ. ಹೆತ್ತ ತಾಯಿಗೆ ಹೇಳಲಾರೆನೇ? ಬಾಯಿ ತೆರೆದೆ. ಅವರ ಮಂಜು ಕಣ್ಣು ನನ್ನತ್ತ ತಿರುಗಿತು, ಹಣೆಯ ಮೇಲಿನ ವಿಭೂತಿ ಕಂಡಿತು. ಅತ್ತೆಯ ಎದುರು ಅವರ ಮಾವನ ಹೆಸರು, ನನ್ನ ಗಂಡನ ಹೆಸರು. ಆಗಲಿಲ್ಲ. ಬದಲಿಗೆ ಅಳು ಬಂತು. ಅವರು ಹೋದಾಗ ಬಂದವರಿಗೆಲ್ಲ ಕಾಫಿ ಮಾಡಿಕೊಡುವುದರಲ್ಲಿ ತಪ್ಪಿಹೋದ ಅಳು ಅದು.

“ಯಾಕೇ ಮಾರಾಯ್ತಿ?” ಎಂದು ಅತ್ತೆ ನನ್ನ ಬೆನ್ನು ಸವರಿದರು.

“ಏನಿಲ್ಲ ಅತ್ತೆ. ಸುಸ್ತು,” ಎಂದೆ.

ಮಾರನೆಯ ದಿನ ಗಾಂಧಿ ಬಜಾರಿಗೆ ಹೋದೆ. ಹಬ್ಬದ ಜನ, ಕಾಲಿಡಲು ಜಾಗವಿಲ್ಲ. ಅದೇ ಬಟ್ಟೆ ಅಂಗಡಿಯ ಬಾಗಿಲಲ್ಲಿ ಬಣ್ಣದ ಕಾಗದ ಅಂಟಿಸಿದ ಲಕ್ಕಿ ಡ್ರಾ ಡಬ್ಬ. ಒಂದು ಕರವಸ್ತ್ರ ಕೊಂಡೆ, ಕೂಪನ್ ಇಸಿದುಕೊಂಡೆ. ಇನಿಶಿಯಲ್ ಸಮೇತ ಪೂರ್ತಿ ಹೆಸರು, ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು, ಅವರಂತೆಯೇ ಗುಂಡಗೆ ಬರೆದೆ. ಹಿಂದೆ ನಿಂತ ಹೆಂಗಸು, “ಬೇಗ ಬರೀರಿ, ಎಷ್ಟೊತ್ತು?” ಎಂದು ಗೊಣಗಿದಳು. ಕಿವಿಗೆ ಬೀಳದವಳಂತೆ ಪಿನ್ ಕೋಡಿನ ಕೊನೆಯ ಅಂಕಿಯವರೆಗೂ ಬರೆದು ಡಬ್ಬಕ್ಕೆ ಹಾಕಿದೆ. ಕೂಪನ್ನಿನ ಕಾಗದವನ್ನು ಉಜ್ಜಿ ನೋಡಿದ್ದೆ. ನಿಜವಾಗಿಯೂ ಹಪ್ಪಳವೇ. ದಾರಿಯಲ್ಲಿ ಪೋಸ್ಟ್‌ಮ್ಯಾನ್ ಸಿಕ್ಕಾಗ, ಇನ್ನು ಅವರ ಹೆಸರಿಗೆ ಏನು ಬಂದರೂ ವಾಪಸು ಕಳಿಸಬೇಡಿ ಎಂದೆ. ಯಾಕೆ ಏನು ಎಂದು ಆತ ಕೇಳಲಿಲ್ಲ.

ಕಾರ್ತಿಕದಲ್ಲಿ ಒಂದು ದಿನ ಸೊಂಟನೋವೆಂದು ರಜೆ ಹಾಕಿದ್ದೆ. ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ತಿರುಗುತ್ತಿತ್ತು. ಗೇಟಿನಲ್ಲಿ ಸೈಕಲ್ಲು ನಿಂತಿತು. ಆ ಗದ್ದಲದ ನಡುವೆಯೂ ಇನಿಶಿಯಲ್ಲು, ಹೆಸರು, ಕೊನೆಯ ‘ಅವ್ರೇ’ ಅರ್ಧಂಬರ್ಧ ನನ್ನನ್ನು ಮುಟ್ಟಿದವು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಬಟ್ಟೆ ಅಂಗಡಿಯ ಹೊಳೆಯುವ ಕವರನ್ನು ಅತ್ತೆ ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು.

“ಸರಿಯಾಗಿ ಕೇಳಿಸ್ಲಿಲ್ಲ ಕಣಪ್ಪ,” ಎಂದರು, ಹಾಲು ಉಕ್ಕುವುದನ್ನು ಗೇಟಿನಿಂದಲೇ ಕೇಳಿಸಿಕೊಳ್ಳುವ ನನ್ನ ಅತ್ತೆ. “ಇನ್ನೊಂದ್ಸಲ ಹೇಳು.”

ನಾನು ಮಿಕ್ಸಿ ಆರಿಸಿದೆ. ಆತ ಮತ್ತೆ ಕೂಗಿದ, ಈ ಸಲ ಇಬ್ಬರಿಗೂ ಕೇಳಿಸುವ ಹಾಗೆ.